ಒಬ್ಬ ಪಿಚರ್‌ಗೆ ನಾಲ್ವರು ಆಟಗಾರರು: ರೆಡ್ ಸಾಕ್ಸ್ ಕೊಟ್ಟ ಬೆಲೆ ಹೆಚ್ಚಾಯಿತೇ?

ಬಾಸ್ಟನ್ ಸುತ್ತಮುತ್ತ ನೆಲೆಸಿ, ಕ್ರಿಕೆಟ್ ಬಿಡದೆಯೇ ಬೇಸ್‌ಬಾಲನ್ನೂ ಹಚ್ಚಿಕೊಂಡಿರುವ ಕನ್ನಡಿಗ ಗೆಳೆಯರು ಭೇಟಿಯಾದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. 2024ರ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವು ಗ್ಯಾರೆಟ್ ಕ್ರೋಶೆ ಎಂಬ ಒಬ್ಬ ಪಿಚರ್‌ಗಾಗಿ (ಕ್ರಿಕೆಟ್‌ನ ಬೌಲರ್‌ನಂತೆ ಚೆಂಡೆಸೆಯುವವರು) ಶಿಕಾಗೋ ವೈಟ್ ಸಾಕ್ಸ್‌ಗೆ ನಾಲ್ವರು ಎಳೆಯ ಆಟಗಾರರನ್ನು ಕೊಟ್ಟಿತಲ್ಲ, ಅಷ್ಟು ಕೊಡಬೇಕಿತ್ತೇ? ಐಪಿಎಲ್ ಹರಾಜು ನೋಡಿ ರೂಢಿಯಾದವರಿಗೆ ಇದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ರೆಡ್ ಸಾಕ್ಸ್‌ನಂತಹ ಹಣವಂತ ತಂಡ ಹಣ ಸುರಿದೇ ಒಬ್ಬ ಒಳ್ಳೆಯ ಪಿಚರ್‌ನನ್ನು ತರಬಹುದಿತ್ತಲ್ಲ, ಮನೆಯ ಹುಡುಗರನ್ನೇಕೆ ಕಳುಹಿಸಬೇಕಿತ್ತು? ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ತೀರ್ಪು ಕೊಟ್ಟೇ ಮಾತು ಆರಂಭಿಸುವವರೂ ಇದ್ದಾರೆ.

ಬೆಲೆ ಹೆಚ್ಚಾಗಲಿಲ್ಲ ಎಂಬುದು ನನ್ನ ಉತ್ತರ. ಕ್ರೋಶೆ ಆಮೇಲೆ ಚೆನ್ನಾಗಿ ಆಡಿದರು ಎಂಬುದನ್ನು ನಾನು ಇದಕ್ಕೆ ಕಾರಣವಾಗಿ ಕೊಡುವುದಿಲ್ಲ. ಅವರು ಏಪ್ರಿಲ್‌ನಲ್ಲೇ ಮೊಣಕೈ ನೋಯಿಸಿಕೊಂಡು ಇಡೀ ವರ್ಷ ಕೂತಿದ್ದರೂ, ಡಿಸೆಂಬರ್‌ನಲ್ಲಿ ಯಾರಿಗೆ ಏನು ಗೊತ್ತಿತ್ತೋ ಅದರ ಮೇಲೆ ನೋಡಿದರೆ ಆ ವಿನಿಮಯ ಸರಿಯಾಗಿಯೇ ಇತ್ತು ಎನ್ನುತ್ತಿದ್ದೆ.

ಮೊದಲು ಪಿಚರ್‌ಗಳಿಗೆ ಏಕೆ ಇಷ್ಟು ಬರ ಎಂಬುದನ್ನು ನೋಡಬೇಕು. ಒಂದು ತಂಡ ವರ್ಷಕ್ಕೆ 162 ಪಂದ್ಯಗಳನ್ನು ಹೆಚ್ಚುಕಡಿಮೆ ಆರು ತಿಂಗಳೊಳಗೆ ಆಡಿ ಮುಗಿಸುತ್ತದೆ. ಪಂದ್ಯ ಆರಂಭಿಸುವ ಪಿಚರ್, ಅಂದರೆ ಸ್ಟಾರ್ಟರ್, ಒಂದು ದಿನ ತೊಂಬತ್ತು ನೂರು ಚೆಂಡುಗಳನ್ನು ಎಸೆದರೆ ಮುಂದಿನ ನಾಲ್ಕೈದು ದಿನ ಮತ್ತೆ ಪಂದ್ಯಕ್ಕೆ ಇಳಿಯುವುದಿಲ್ಲವಾದ್ದರಿಂದ ಪ್ರತಿ ತಂಡಕ್ಕೂ ಕನಿಷ್ಠ ಐವರು ಸ್ಟಾರ್ಟರ್‌ಗಳು ಬೇಕು. ಲೆಕ್ಕದಲ್ಲಿ ಐವರು ಸಾಕೆನಿಸಿದರೂ ವಾಸ್ತವದಲ್ಲಿ ಎಂಟು ಒಂಬತ್ತು ಮಂದಿ ಇಲ್ಲದೆ ಯಾವ ತಂಡವೂ ವರ್ಷ ದಾಟುವುದಿಲ್ಲ. ಗಂಟೆಗೆ 155 ಕಿಲೋಮೀಟರ್ ವೇಗದಲ್ಲಿ, ಓಡಿ ಬರದೆ ನಿಂತಲ್ಲಿಂದಲೇ ಚೆಂಡನ್ನು ಎಸೆಯುವಾಗ ಮೊಣಕೈಯ ಒಳಬದಿಯ ಲಿಗಮೆಂಟ್ ಮೇಲೆ ಬೀಳುವ ಎಳೆತ ಅಷ್ಟಿಷ್ಟಲ್ಲ. ಅದು ಹರಿದರೆ ದೇಹದ ಬೇರೆಡೆಯಿಂದ ಒಂದು ಎಳೆಯನ್ನು ತೆಗೆದು ಅಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಬಾರಿಗೆ ಮಾಡಿದರು, ಅದಕ್ಕೆ ಆ ಆಟಗಾರರ ಹೆಸರೇ ನಿಂತಿದೆ. ಅದಾದ ಮೇಲೆ ಮೈದಾನಕ್ಕೆ ಮರಳಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಇಂದು ಪಿಚರ್ ಒಬ್ಬರನ್ನು ಕೊಳ್ಳುವ ಯಾವ ತಂಡವೇ ಆಗಲಿ ಈ ಸಾಧ್ಯತೆಯನ್ನು ಬೆಲೆಯೊಳಗೆ ಸೇರಿಸಿಯೇ ಮಾತಿಗೆ ಕೂರುತ್ತದೆ.

2024ರಲ್ಲಿ ರೆಡ್ ಸಾಕ್ಸ್ 81 ಪಂದ್ಯ ಗೆದ್ದು 81 ಸೋತಿತ್ತು. ಅದರ ಹಿಂದಿನ ಚಳಿಗಾಲದಲ್ಲಿ ಎರಡು ವರ್ಷಕ್ಕೆ 3.85 ಕೋಟಿ ಡಾಲರ್ ಕೊಟ್ಟು ತಂದ ಲೂಕಸ್ ಜಿಯೊಲಿಟೊ ಎಂಬ ಪಿಚರ್ ಅಭ್ಯಾಸದ ದಿನಗಳಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಎಳೆಯರನ್ನು ಬೆಳೆಸುವ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ತಂಡಕ್ಕೆ ಬ್ಯಾಟಿಂಗ್ ಪ್ರತಿಭೆಗೆ ಕೊರತೆಯಿರಲಿಲ್ಲ. ರೋಮನ್ ಆಂಥನಿ, ಮಾರ್ಸೆಲೊ ಮೇಯರ್, ಕ್ರಿಸ್ಟಿಯನ್ ಕ್ಯಾಂಪ್‌ಬೆಲ್, ಕೈಲ್ ಟೀಲ್ ಎಂಬ ನಾಲ್ವರು ದೇಶದಲ್ಲೇ ಹೆಸರಾದ ಹುಡುಗರು ಬಾಗಿಲಲ್ಲೇ ನಿಂತಿದ್ದರು. ವರ್ಷಗಳ ಕಾಲ ಬ್ಯಾಟರ್‌ಗಳನ್ನು ಬೆಳೆಸುವುದರಲ್ಲಿ ಪಳಗಿದ್ದ ಈ ಸಂಸ್ಥೆಗೆ ಒಬ್ಬ ಮೇಲ್ದರ್ಜೆಯ ಸ್ಟಾರ್ಟರ್‌ನನ್ನು ತನ್ನಲ್ಲೇ ಬೆಳೆಸುವುದು ಮಾತ್ರ ಬಹುಕಾಲ ಕೈಗೂಡಿರಲಿಲ್ಲ. ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ತರಬೇಕಿತ್ತು. ತಂಡದ ಬೇಸ್‌ಬಾಲ್ ವ್ಯವಹಾರಗಳ ಮುಖ್ಯಸ್ಥ ಕ್ರೇಗ್ ಬ್ರೆಸ್ಲೋ ಸ್ವತಃ ಎಡಗೈ ಪಿಚರ್ ಆಗಿದ್ದವರು, 2013ರಲ್ಲಿ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಇದೇ ತಂಡದಲ್ಲಿದ್ದವರು. ಅವರಿಗೆ ಈ ಲೆಕ್ಕವನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ.

ಕೊಟ್ಟವರಲ್ಲಿ ಮೊದಲ ಹೆಸರು ಕ್ಯಾಚರ್ ಕೈಲ್ ಟೀಲ್, 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 14ನೆಯವರಾಗಿ ಆಯ್ಕೆಯಾದವರು. ಎರಡನೆಯವರು ಬ್ರೇಡನ್ ಮಾಂಟ್‌ಗೊಮರಿ, 2024ರ ಡ್ರಾಫ್ಟ್‌ನ 12ನೇ ಆಯ್ಕೆ. ಕಾಲೇಜು ಆಟದ ಕೊನೆಯಲ್ಲಿ ಪಾದದ ಕೀಲು ಮುರಿದುಕೊಂಡಿದ್ದ ಅವರು ರೆಡ್ ಸಾಕ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡದೆಯೇ ಶಿಕಾಗೋ ಪಾಲಾದರು. ಇನ್‌ಫೀಲ್ಡರ್ ಚೇಸ್ ಮೈಡ್ರಾತ್ ಮತ್ತು ವೆನೆಜುವೆಲಾದ ಪಿಚರ್ ವಿಕೆಲ್‌ಮನ್ ಗೊನ್ಸಾಲೆಸ್ ಉಳಿದಿಬ್ಬರು. ಸಣ್ಣ ಬೆಲೆಯಂತೂ ಅಲ್ಲ.

ಪಡೆದದ್ದೇನು? ಕ್ರೋಶೆ ಅವರನ್ನು ವೈಟ್ ಸಾಕ್ಸ್ 2020ರ ಡ್ರಾಫ್ಟ್‌ನಲ್ಲಿ 11ನೆಯವರಾಗಿ ಆರಿಸಿ, ಮೈನರ್ ಲೀಗ್‌ನ ಒಂದು ಪಂದ್ಯವನ್ನೂ ಆಡಿಸದೆ ಅದೇ ಸೆಪ್ಟೆಂಬರ್‌ನಲ್ಲಿ ನೇರವಾಗಿ ಮೇಲಿನ ಲೀಗ್‌ಗೆ ಇಳಿಸಿತ್ತು. 2022ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. 2024 ಆರಂಭವಾಗುವ ಮೊದಲು ಅವರು ಒಟ್ಟು ಎಸೆದಿದ್ದದ್ದು 73 ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಮೂರು ಔಟ್‌ಗೆ ಒಂದು ಇನಿಂಗ್ಸ್), ಅದೂ ಪಂದ್ಯದ ನಡುವೆ ಬಂದುಹೋಗುವ ರಿಲೀವರ್ ಆಗಿ. ಸ್ಟಾರ್ಟರ್ ಆದ ಮೊದಲ ವರ್ಷದಲ್ಲೇ 146 ಇನಿಂಗ್ಸ್‌ಗಳಲ್ಲಿ 209 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಮೂರು ಸ್ಟ್ರೈಕ್‌ಗಳಲ್ಲಿ ತಾವೇ ಔಟ್ ಮಾಡಿದರು. ವೈಟ್ ಸಾಕ್ಸ್ ಆ ವರ್ಷ 121 ಪಂದ್ಯಗಳನ್ನು ಸೋತು ಆಧುನಿಕ ದಾಖಲೆ ಬರೆದಿತ್ತು, ಹಾಗಾಗಿ ಕ್ರೋಶೆ ಅವರ ಖಾತೆಯಲ್ಲಿ 6 ಗೆಲುವು, 12 ಸೋಲು ಎಂದಿರುವುದನ್ನು ನೋಡಿ ಮೂಗು ಮುರಿಯಬೇಕಿಲ್ಲ. ಗಮನಿಸಬೇಕಾದದ್ದು ಬೇರೆ: ಆ ಕೈಗೆ ಹೆಚ್ಚು ಶ್ರಮವಾಗಬಾರದೆಂದು ವರ್ಷದ ದ್ವಿತೀಯಾರ್ಧದಲ್ಲಿ ಪಂದ್ಯಕ್ಕೆ ನಾಲ್ಕು ಇನಿಂಗ್ಸ್ ದಾಟದಂತೆ ತಂಡವೇ ಅವರನ್ನು ತಡೆದಿತ್ತು. ಪೂರ್ಣ ವರ್ಷ, ಪೂರ್ಣ ಹೊರೆಯೊಂದಿಗೆ ಅವರು ಹೇಗೆ ಎಸೆಯುತ್ತಾರೆ ಎಂಬುದನ್ನು ಯಾರೂ ಕಂಡಿರಲಿಲ್ಲ. ಆ ಅನಿಶ್ಚಿತತೆಯನ್ನೂ ಸೇರಿಸಿಯೇ ರೆಡ್ ಸಾಕ್ಸ್ ಕೊಂಡಿತು.

ಇಲ್ಲಿ ಐಪಿಎಲ್‌ಗೂ ಬೇಸ್‌ಬಾಲ್‌ಗೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು. ಐಪಿಎಲ್‌ನಲ್ಲಿ ಹರಾಜಾಗಲಿ ಉಳಿಸಿಕೊಳ್ಳುವುದಾಗಲಿ, ಎಲ್ಲ ತಂಡಗಳ ಕೈಯಲ್ಲೂ ಒಂದೇ ಅಳತೆಯ ಹಣವಿರುತ್ತದೆ ಮತ್ತು ಆಟಗಾರನ ಒಪ್ಪಿಗೆಯಿಲ್ಲದೆ ಅವನನ್ನು ಇನ್ನೊಂದು ತಂಡಕ್ಕೆ ಟ್ರೇಡ್ ಮಾಡುವಂತಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಟಗಾರ ಆರು ವರ್ಷಗಳ ಸೇವೆ ಮುಗಿಸುವವರೆಗೂ ಅವನ ಮೇಲಿನ ಹಕ್ಕು ತಂಡದ್ದೇ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು, ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ ನಿಗದಿಯಾಗುವ ಸಂಬಳ. ಆಮೇಲಷ್ಟೇ ಅವನು ಫ್ರೀ ಏಜೆಂಟ್, ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳಬಹುದು. ಅದುವರೆಗೆ ಬೆಳಗ್ಗೆ ಒಂದು ಊರಿನ ಆಟಗಾರನಾಗಿದ್ದವನು ಸಂಜೆ ಇನ್ನೊಂದು ಊರಿನವನಾಗಬಹುದು, ಕೇಳುವವರಿಲ್ಲ. ಕ್ರೋಶೆ ಅವರಿಗೆ 2025 ಮತ್ತು 2026 ಈ ಕಟ್ಟಿನೊಳಗೇ ಉಳಿದಿದ್ದವು, ಮತ್ತು 2025ರ ಅವರ ಸಂಬಳ 38 ಲಕ್ಷ ಡಾಲರ್‌ಗೆ ನಿಗದಿಯಾಯಿತು. ಅಂಥವರನ್ನು ಯಾವ ಹಣದ ಚೀಲದಿಂದಲೂ ಕೊಳ್ಳಲಾಗದು, ಏಕೆಂದರೆ ವೈಟ್ ಸಾಕ್ಸ್‌ಗೆ ಬೇಕಾಗಿದ್ದದ್ದು ಹಣವಲ್ಲ, ಮುಂದಿನ ಆರು ವರ್ಷ ಕಡಿಮೆ ಸಂಬಳಕ್ಕೆ ಆಡಬಲ್ಲ ಹುಡುಗರು. ನಾಲ್ವರನ್ನು ಕೊಟ್ಟು ರೆಡ್ ಸಾಕ್ಸ್ ಪಡೆದದ್ದು ಎರಡು ವರ್ಷಗಳ ಆಟ ಮತ್ತು ಆ ಅವಧಿಯಲ್ಲಿ ಬೇರೆ ಯಾರ ಪೈಪೋಟಿಯೂ ಇಲ್ಲದೆ ದೀರ್ಘ ಒಪ್ಪಂದದ ಮಾತಾಡುವ ಅವಕಾಶ.

ಬರೀ ಹಣಕ್ಕೆ ಸಿಗುತ್ತಿದ್ದವರೂ ಅದೇ ಚಳಿಗಾಲದಲ್ಲಿ ಮಾರುಕಟ್ಟೆಯಲ್ಲಿದ್ದರು, ನಿಜ. ಬ್ಲೇಕ್ ಸ್ನೆಲ್ ಐದು ವರ್ಷಕ್ಕೆ 18.2 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದರು, ಮ್ಯಾಕ್ಸ್ ಫ್ರೀಡ್ ಎಂಟು ವರ್ಷಕ್ಕೆ 21.8 ಕೋಟಿಗೆ ಯಾಂಕೀಸ್ ಸೇರಿದರು, ಕಾರ್ಬಿನ್ ಬರ್ನ್ಸ್ ಆರು ವರ್ಷಕ್ಕೆ 21 ಕೋಟಿಗೆ ಅರಿಜೋನಾ ಸೇರಿದರು. ಫ್ರೀಡ್ ಮೊದಲ ವರ್ಷವೇ 19 ಪಂದ್ಯ ಗೆದ್ದುಕೊಟ್ಟರೆ, ಬರ್ನ್ಸ್ ಜೂನ್ ತಿಂಗಳಲ್ಲೇ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಮಲಗಿದರು. ಮೂವತ್ತು ದಾಟಿದ ತೋಳಿಗೆ ಆರೆಂಟು ವರ್ಷಗಳ ಖಾತರಿ ಹಣ ಕೊಡುವುದೆಂದರೆ ಕೊನೆಯ ಮೂರು ವರ್ಷಗಳನ್ನು ದೇವರ ಮೇಲೆ ಭಾರ ಹಾಕಿದಂತೆಯೇ ಸರಿ. ಕ್ರೋಶೆ ಅವರಿಗೆ ಆಗ 25 ವರ್ಷ.

ಇದರ ಸಿಹಿ ಕಹಿ ಎರಡನ್ನೂ ರೆಡ್ ಸಾಕ್ಸ್ ಮೊದಲೇ ಉಂಡಿತ್ತು. 2016ರ ಡಿಸೆಂಬರ್‌ನಲ್ಲಿ ಇದೇ ವೈಟ್ ಸಾಕ್ಸ್‌ನಿಂದ ಕ್ರಿಸ್ ಸೇಲ್ ಎಂಬ ಇನ್ನೊಬ್ಬ ಎಡಗೈ ಪಿಚರ್‌ನನ್ನು ತರಲು, ಯೊವಾನ್ ಮೊಂಕಾಡಾ ಮತ್ತು ಮೈಕೆಲ್ ಕೋಪೆಕ್ ಸೇರಿದಂತೆ ಆಗಲೂ ನಾಲ್ವರು ಹುಡುಗರನ್ನೇ ಕೊಟ್ಟಿದ್ದರು. ಸೇಲ್ 2017ರಲ್ಲಿ 308 ಸ್ಟ್ರೈಕ್‌ಔಟ್ ಗಳಿಸಿದರು, 2018ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಕೂಡ ಅವರದೇ. ಅಲ್ಲಿಗೆ ನಿಲ್ಲಿಸಿದ್ದರೆ ಕೊಟ್ಟ ಬೆಲೆಯ ಮಾತನ್ನು ಬಾಸ್ಟನ್‌ನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ 2019ರಲ್ಲಿ ಐದು ವರ್ಷಗಳ 14.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅದು ಜಾರಿಗೆ ಬರಬೇಕಿದ್ದ 2020ರಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಯಾಗಿ, ನಾಲ್ಕು ವರ್ಷಗಳಲ್ಲಿ ಅವರು ಆರಂಭಿಸಿದ ಪಂದ್ಯಗಳು 31 ಮಾತ್ರ. ಸಹನೆ ಕೆಟ್ಟು 2023ರ ಕೊನೆಗೆ 1.7 ಕೋಟಿ ಡಾಲರನ್ನೂ ಜೊತೆಗಿಟ್ಟು ಅವರನ್ನು ಅಟ್ಲಾಂಟಾಗೆ ಕಳುಹಿಸಿದರೆ, ಮರುವರ್ಷವೇ ಸೇಲ್ 18 ಪಂದ್ಯ ಗೆದ್ದು, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಹುಡುಗರನ್ನು ಕೊಟ್ಟ ವ್ಯವಹಾರ ಫಲಿಸಿತು, ಹಣ ಕೊಟ್ಟ ವ್ಯವಹಾರ ಕೈ ಕಚ್ಚಿತು.

2024ರ ಚಳಿಗಾಲದ ಉಳಿದ ಒಪ್ಪಂದಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಬ್ರೆಸ್ಲೋ ಅವರ ಲೆಕ್ಕಾಚಾರ ತಿಳಿಯುತ್ತದೆ. ಎರಡು ಬಾರಿ ಟಾಮಿ ಜಾನ್ ಆಗಿದ್ದ, ಆದರೂ ಕೆಲವೇ ವಾರಗಳ ಹಿಂದೆ ಡಾಡ್ಜರ್ಸ್ ಪರವಾಗಿ ವರ್ಲ್ಡ್ ಸೀರೀಸ್‌ನ ಕೊನೆಯ ಇನಿಂಗ್ಸ್ ಎಸೆದು ಬಂದಿದ್ದ ವಾಕರ್ ಬ್ಯೂಲರ್ ಅವರಿಗೆ ಒಂದೇ ವರ್ಷಕ್ಕೆ 2.1 ಕೋಟಿ ಡಾಲರ್. ಮೊಣಕೈ ದುರಸ್ತಿಯಲ್ಲಿದ್ದ ಪ್ಯಾಟ್ರಿಕ್ ಸ್ಯಾಂಡೊವಲ್ ಅವರಿಗೆ ಎರಡು ವರ್ಷಕ್ಕೆ 1.82 ಕೋಟಿ. ಪಂದ್ಯದ ಕೊನೆಯಲ್ಲಿ ಬಂದು ಗೆಲುವನ್ನು ಕಾಯುವ ಕ್ಲೋಸರ್ ಕೆಲಸಕ್ಕೆ, 2010ರಲ್ಲಿ ಗಂಟೆಗೆ 170 ಕಿಲೋಮೀಟರ್ ದಾಟಿಸಿ ಚೆಂಡೆಸೆದು ದಾಖಲೆ ಮಾಡಿದ್ದ ಕ್ಯೂಬಾದ ಆರೊಲ್ಡಿಸ್ ಚಾಪ್‌ಮನ್ ಅವರಿಗೆ ಒಂದು ವರ್ಷಕ್ಕೆ 1.07 ಕೋಟಿ. ಗಾಯದ ಇತಿಹಾಸವಿರುವ ತೋಳಿಗಾಗಲಿ, ವಯಸ್ಸಾದ ತೋಳಿಗಾಗಲಿ ಹಣ ಕೊಡಬಹುದು, ವರ್ಷಗಳನ್ನು ಕೊಡಬಾರದು ಎಂಬ ನಿಲುವು ಮೂರರಲ್ಲೂ ಇದೆ. ಮೂವರಲ್ಲಿ ಫಲಿಸಿದ್ದು ಒಬ್ಬರು. ಬ್ಯೂಲರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 5.45 ರನ್ ಬಿಟ್ಟುಕೊಟ್ಟು ಆಗಸ್ಟ್ ಕೊನೆಗೆ ತಂಡದಿಂದ ಹೊರಬಿದ್ದರು, ಸ್ಯಾಂಡೊವಲ್ ಆ ವರ್ಷ ಲೀಗ್‌ನಲ್ಲಿ ಕಣಕ್ಕಿಳಿಯಲೇ ಇಲ್ಲ. ಮೂವತ್ತೇಳರ ಚಾಪ್‌ಮನ್ 1.17ರ ಸರಾಸರಿಯಲ್ಲಿ 32 ಪಂದ್ಯಗಳನ್ನು ಕಾಯ್ದರು. ಬ್ಯೂಲರ್ ಅವರಿಗೆ ಕೊಟ್ಟದ್ದು ದುಬಾರಿಯಾಯಿತೆಂದು ನಾನೂ ಒಪ್ಪುತ್ತೇನೆ, ಆದರೆ ಆ ನಷ್ಟ ಅದೇ ವರ್ಷಕ್ಕೆ ಮುಗಿಯಿತು.

ಕ್ರೋಶೆ ವಿಷಯದಲ್ಲಿ ತಂಡ ಕಾಯಲಿಲ್ಲ. 2025ರ ಆಟ ಆರಂಭವಾಗುತ್ತಿದ್ದಂತೆಯೇ, 2026ರಿಂದ ಆರು ವರ್ಷಕ್ಕೆ 17 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಬೆಲೆಯ ಬಗ್ಗೆ ತಕರಾರು ಎತ್ತುವವರು ಎತ್ತಬೇಕಾದದ್ದು ಇಲ್ಲಿ; ಸೇಲ್ ಪ್ರಕರಣ ಮರುಕಳಿಸುವುದಿದ್ದರೆ ಅದು ಈ ಒಪ್ಪಂದದಿಂದಲೇ ಹೊರತು ನಾಲ್ವರು ಹುಡುಗರಿಂದಲ್ಲ. ಬಾಸ್ಟನ್‌ನಲ್ಲಿ ತಮ್ಮ ಮೊದಲ ವರ್ಷವಾದ 2025ರಲ್ಲಿ ಅವರು 18 ಗೆದ್ದು 5 ಸೋತರು, 255 ಸ್ಟ್ರೈಕ್‌ಔಟ್ ಗಳಿಸಿದರು, 205 ಇನಿಂಗ್ಸ್ ದಾಟಿದರು. 89 ಪಂದ್ಯ ಗೆದ್ದ ತಂಡ ಪ್ಲೇಆಫ್‌ಗೆ ಹೋಯಿತು.

ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ವಿರುದ್ಧದ ಮೂರು ಪಂದ್ಯಗಳ ಸರಣಿಯ ಮೊದಲ ಪಂದ್ಯ ಆ ಚಳಿಗಾಲದ ಎರಡು ದಾರಿಗಳನ್ನೂ ಒಂದೇ ಮೈದಾನಕ್ಕೆ ತಂದಿತ್ತು. ಅತ್ತ ಹಣಕ್ಕೆ ಬಂದ ಫ್ರೀಡ್, ಇತ್ತ ವಿನಿಮಯದಲ್ಲಿ ಬಂದ ಕ್ರೋಶೆ. ಎರಡನೇ ಇನಿಂಗ್ಸ್‌ನಲ್ಲಿ ಆಂಥನಿ ವೋಲ್ಪಿ ಹೋಮ್ ರನ್ ಹೊಡೆದ ಮೇಲೆ ಕ್ರೋಶೆ ಸತತವಾಗಿ 17 ಮಂದಿಯನ್ನು ಔಟ್ ಮಾಡಿದರು, ಒಬ್ಬರಿಗೂ ಬಿಟ್ಟಿ ಬೇಸ್ ಕೊಡಲಿಲ್ಲ. ಫ್ರೀಡ್ ಕೂಡ ರನ್ ಕೊಡದೆ ಆರು ಇನಿಂಗ್ಸ್ ದಾಟಿಸಿದ್ದರು. ಅವರನ್ನು ತೆಗೆದ ಏಳನೇ ಇನಿಂಗ್ಸ್‌ನಲ್ಲೇ ರೆಡ್ ಸಾಕ್ಸ್ ಮುನ್ನಡೆ ಪಡೆಯಿತು. ಎಂಟನೇ ಇನಿಂಗ್ಸ್‌ನಲ್ಲಿ ಆಸ್ಟಿನ್ ವೆಲ್ಸ್ ಎದುರು ಕ್ರೋಶೆ ಎಸೆದದ್ದು ಅಂದಿನ 117ನೇ ಚೆಂಡು, ಅವರ ವೃತ್ತಿಯಲ್ಲೇ ಒಂದು ಪಂದ್ಯದ ಅತಿ ಹೆಚ್ಚಿನ ಎಣಿಕೆ. ಅದು ಗಂಟೆಗೆ 160 ಕಿಲೋಮೀಟರ್ ಮೀರಿ ಬಂದು ಬ್ಯಾಟ್ ಅಲುಗುವ ಮೊದಲೇ ಕ್ಯಾಚರ್ ಕೈಸೇರಿತು, ಅಂದಿನ 11ನೇ ಸ್ಟ್ರೈಕ್‌ಔಟ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಚಾಪ್‌ಮನ್ ಯಾರನ್ನೂ ಔಟ್ ಮಾಡದೆ ಮೂರೂ ಬೇಸ್ ತುಂಬಿಸಿ ನೋಡುವವರ ಜೀವ ಬಾಯಿಗೆ ತಂದು, ಕೊನೆಗೆ ರನ್ ಕೊಡದೆಯೇ ಮುಗಿಸಿದರು. 3–1.

ಮರುದಿನದ ಪಂದ್ಯ ಕೈತಪ್ಪಿತು. ನಿರ್ಣಾಯಕ ಮೂರನೇ ಪಂದ್ಯಕ್ಕೆ ಪಿಚರ್ ಯಾರು ಎಂದು ನೋಡಿದರೆ, ಜಿಯೊಲಿಟೊ ಮೊಣಕೈ ನೋವಿನಿಂದ ಹೊರಗಿದ್ದರು, ಟ್ಯಾನರ್ ಹೌಕ್‌ಗೆ ಆಗಸ್ಟ್‌ನಲ್ಲಿ ಟಾಮಿ ಜಾನ್ ಆಗಿತ್ತು, ಕಟರ್ ಕ್ರಾಫರ್ಡ್ ವರ್ಷವಿಡೀ ಆಡಿರಲಿಲ್ಲ, ಬ್ಯೂಲರ್ ತಂಡದಲ್ಲೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಷ್ಟೇ ಲೀಗ್‌ಗೆ ಕಾಲಿಟ್ಟಿದ್ದ ಕಾನೆಲಿ ಅರ್ಲಿ ಎಂಬ ಹುಡುಗನನ್ನು ಇಳಿಸಬೇಕಾಯಿತು. ನಾಲ್ಕನೇ ಇನಿಂಗ್ಸ್‌ನಲ್ಲಿ ಯಾಂಕೀಸ್ ನಾಲ್ಕು ರನ್ ಗಳಿಸಿತು, ಆ ಕಡೆ ಬಾಸ್ಟನ್ ಪಕ್ಕದ ವಾಲ್‌ಪೋಲ್‌ನಲ್ಲೇ ಬೆಳೆದ ಕ್ಯಾಮ್ ಶ್ಲಿಟ್ಲರ್ ಎಂಟು ಇನಿಂಗ್ಸ್‌ನಲ್ಲಿ 12 ಸ್ಟ್ರೈಕ್‌ಔಟ್ ಮಾಡಿ ರೆಡ್ ಸಾಕ್ಸ್ ಅನ್ನು ಮನೆಗೆ ಕಳುಹಿಸಿದರು.

ಕೊಟ್ಟ ನಾಲ್ವರಲ್ಲಿ ಮೂವರು 2025ರಲ್ಲೇ ವೈಟ್ ಸಾಕ್ಸ್ ಪರ ಆಡಿದರು, ಟೀಲ್ ಚೆನ್ನಾಗಿಯೇ ಆಡಿದರು. ಇನ್ನೈದು ವರ್ಷಗಳಲ್ಲಿ ಅವರು ಲೀಗ್‌ನ ಅತ್ಯುತ್ತಮ ಕ್ಯಾಚರ್ ಆದರೂ ನನ್ನ ಉತ್ತರ ಬದಲಾಗದು. ನನ್ನ ತಕರಾರು ಇರುವುದು ಬೇರೆಡೆ. ಗಾಯಾಳುಗಳ ಪಟ್ಟಿಯಲ್ಲಿ ಮೂವರು ಸ್ಟಾರ್ಟರ್‌ಗಳು ಇದ್ದಾಗಲೇ, 2025ರ ಏಪ್ರಿಲ್‌ನಲ್ಲಿ, ತಂಡವು ಕ್ವಿನ್ ಪ್ರೀಸ್ಟರ್ ಎಂಬ 24 ವರ್ಷದ ಸ್ಟಾರ್ಟರ್‌ನನ್ನು ಮಿಲ್ವಾಕೀಗೆ ಕೊಟ್ಟುಬಿಟ್ಟಿತು. ಪಡೆದದ್ದು ಇಬ್ಬರು ಮೈನರ್ ಲೀಗ್ ಆಟಗಾರರನ್ನು ಮತ್ತು ಒಂದು ಡ್ರಾಫ್ಟ್ ಆಯ್ಕೆಯನ್ನು. ಪ್ರೀಸ್ಟರ್ ಅಲ್ಲಿ 13 ಗೆದ್ದು 3 ಸೋತರು. ಕ್ರೋಶೆ ವಿನಿಮಯದ ಬಗ್ಗೆ ಕೇಳುವ ಗೆಳೆಯರಲ್ಲಿ ಒಬ್ಬರಾದರೂ ಇದುವರೆಗೆ ಪ್ರೀಸ್ಟರ್ ಹೆಸರು ಎತ್ತಿಲ್ಲ.