ಅಳಿಸಿದರೂ ಹೋಗದ ಲಾಗ್ ಫೈಲು

ನಮ್ಮ ಕಾಲೇಜಿನಲ್ಲಿ ಎಸಿ ಇರೋದು ಎರಡೇ ಕಡೆ, ಪ್ರಿನ್ಸಿಪಾಲರ ಕೋಣೆ ಮತ್ತು ಸರ್ವರ್ ರೂಮು. ಹಾಗಾಗಿ ಮೇ ತಿಂಗಳ ಕಲಬುರಗಿಯಲ್ಲಿ ನನಗೆ ಸರ್ವರ್ ಮೇಲೆ ಪ್ರೀತಿ ಜಾಸ್ತಿ. ಅವತ್ತೂ ತಂಪಿಗೆ ಅಂತ ಒಳಗೆ ಕೂತು ಸುಮ್ನೆ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಕಮಾಂಡ್ ಹೊಡೆದೆ. ಡಿಸ್ಕ್ 97 ಪರ್ಸೆಂಟ್ ತುಂಬಿತ್ತು.

ಹುಡುಕಿದರೆ ಸ್ಕ್ವಿಡ್ ಪ್ರಾಕ್ಸಿಯ ಆಕ್ಸೆಸ್ ಲಾಗ್. ಕಾಲೇಜಿನ ಇಂಟರ್ನೆಟ್ ಸ್ಕ್ವಿಡ್ ಮೂಲಕವೇ ಹೋಗೋದು, ಯಾವ ಕಂಪ್ಯೂಟರ್ ಏನು ಕೇಳಿತು ಅಂತ ಈ ಲಾಗಿನಲ್ಲಿ ಬರೆದಿಡ್ತದೆ. ಒಂದೇ ಫೈಲು, 31 ಜಿಬಿ! ಹಿಂದೆ ಮುಂದೆ ನೋಡದೆ ಆರ್‌ಎಂ ಹೊಡೆದು ಅಳಿಸಿದೆ. ಮತ್ತೆ ಡಿಎಫ್. ಅದೇ 97.

ಲಿನಕ್ಸಿನಲ್ಲಿ ಅಳಿಸಿದಾಗ ಹೋಗೋದು ಫೈಲಿನ ಹೆಸರು ಮಾತ್ರ, ಸ್ಕ್ವಿಡ್ ಅದನ್ನು ತೆರೆದು ಹಿಡಿದುಕೊಂಡಿರೋ ತನಕ ಜಾಗ ಬಿಡಲ್ಲ ಅಂತ ಎಂದೋ ಓದಿದ್ದೆ, ಕೈ ಮಾತ್ರ ಮರೆತಿತ್ತು. ಮನೆ ಬೋರ್ಡ್ ಕಿತ್ತು ಹಾಕಿದ್ದೆ, ಬಾಡಿಗೆಯವನು ಒಳಗೇ ಇದ್ದ. ಯಾವ ಫೈಲನ್ನು ಯಾವ ಪ್ರೋಗ್ರಾಂ ತೆರೆದಿದೆ ಅಂತ ತೋರಿಸೋ ಎಲ್‌ಎಸ್‌ಒಎಫ್ ಹೊಡೆದರೆ ಫೈಲಿನ ಮುಂದೆ 'ಡಿಲೀಟೆಡ್' ಅಂತ ತೋರಿಸ್ತಿತ್ತು. 'ಸ್ಕ್ವಿಡ್ ಮೈನಸ್ ಕೆ ರೊಟೇಟ್' ಕೊಟ್ಟೆ, ಅದು ಹಳೇದನ್ನು ಮುಚ್ಚಿ ಹೊಸ ಫೈಲ್ ತೆರೆಯಿತು, ಜಾಗ ಬಂತು.

ಇಷ್ಟು ಬೆಳೆದಿದ್ದು ಹೇಗೆ? ಸ್ಕ್ವಿಡ್ ತಾನಾಗಿ ಲಾಗ್ ರೊಟೇಟ್ ಮಾಡಲ್ಲ, ಯಾರಾದರೂ ಹೇಳಬೇಕು. ನನಗಿಂತ ಮುಂಚೆ ಇದ್ದವರು ಸ್ಕ್ವಿಡ್ಡನ್ನು ಸಿದ್ಧ ಪ್ಯಾಕೇಜ್ ಬಿಟ್ಟು ಸೋರ್ಸ್ ಕೋಡ್‌ನಿಂದ ಹಾಕಿದ್ದರು, ಲಾಗ್ ಇದ್ದಿದ್ದು ಯುಎಸ್‌ಆರ್ ಲೋಕಲ್ ಫೋಲ್ಡರ್ ಒಳಗೆ. ಹಾಗೆ ಹೇಳಬೇಕಾದ ಲಾಗ್‌ರೊಟೇಟ್ ಪ್ರೋಗ್ರಾಂ ಪಾಪ ಬೇರೆ ಫೋಲ್ಡರ್ ಕಾಯ್ತಾ ಕೂತಿತ್ತು.

ಹೊಸ ಲಾಗಿಗೆ ಟೇಲ್ ಹಾಕಿ, ಬರೋ ಸಾಲುಗಳನ್ನು ನೋಡ್ತಾ ಕೂತೆ. ಒಂದೇ ಐಪಿ ವಿಳಾಸ, ಒಂದೇ ಸಾಲು, 'ಟಿಸಿಪಿ ಡಿನೈಡ್ 407', ಅಂದರೆ ಪಾಸ್‌ವರ್ಡ್ ಇಲ್ಲದೆ ಬಿಡಲ್ಲ ಅಂತ, ಕಣ್ಣು ಹಿಡಿಯದಷ್ಟು ವೇಗ. ಆ ಐಪಿ ಆಫೀಸಿನ ಹಳೇ ಪಿಸಿದು. ಅದರಲ್ಲಿನ ಯಾವುದೋ ಅಪ್‌ಡೇಟರ್‌ಗೆ ಪ್ರಾಕ್ಸಿ ಪಾಸ್‌ವರ್ಡ್ ಗೊತ್ತಿಲ್ಲ, ಬೇಡ ಅಂದಷ್ಟೂ ಬಾಗಿಲು ಬಡೀತಾನೇ ಇತ್ತು. ಕ್ಲರ್ಕ್ ಹತ್ರ ಹೋದರೆ, "ಅದು ಮೊದಲಿಂದ ಹಂಗೇ ಅದರೀ ಸರ್, ಕೆಳಗ ಒಂದು ಡಬ್ಬಿ ಬರ್ತದ, ನಾ ಕ್ಯಾನ್ಸಲ್ ಒತ್ತತೀನಿ" ಅಂದರು. ಅಪ್‌ಡೇಟರ್ ತೆಗೆದೆ. ರಾತ್ರಿ 12ಕ್ಕೆ ರೊಟೇಟ್ ಆಗೋ ಹಾಗೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸೋ ಕ್ರಾನ್‌ನಲ್ಲಿ ಹಾಕಿದೆ, ಹಳೇದು ಜಿಜಿಪ್ ಆಗಿ ಚಿಕ್ಕದಾಗ್ತದೆ.

ಎಲ್ಲಾ ಮುಗೀತು ಅಂತ ಟೀ ಕುಡೀತಿದ್ದಾಗ ಪ್ರಿನ್ಸಿಪಾಲರು ಕರೆಸಿದರು.

"ಹೋದ ವಾರ ಎರಡನೇ ಲ್ಯಾಬಿನಾಗ ಹುಡುಗ್ರು ಏನೇನು ನೋಡ್ಯಾರ, ಲಾಗ್ ತೆಗೆದು ಕೊಡ್ರಿ."

ಬೆಳಿಗ್ಗೆ ಅಳಿಸೋ ಬದಲು ಆ 31 ಜಿಬಿ ಲಾಗನ್ನೂ ಜಿಜಿಪ್ ಮಾಡಿ ಬೇರೆ ಡಿಸ್ಕಿಗೆ ಹಾಕಿದ್ದರೆ ಒಂದೆರಡು ಜಿಬಿಯೊಳಗೆ ಮುಗೀತಿತ್ತು, ಒಂದೇ ಸಾಲು ಕೋಟಿಗಟ್ಟಲೆ ಸಲ ತಾನೆ.

"ಇವತ್ತಿಂದು ಮಾತ್ರ ಅದ ಸರ್" ಅಂದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.