ತಂಗಿಯ ಮದುವೆಗೆ ನಮ್ಮದೇ ಅಲಂಕಾರ

ಬರುವ ಮಾಘದಲ್ಲಿ ತಂಗಿಯ ಮದುವೆ. ಛತ್ರದ ಬಾಡಿಗೆ, ಊಟದ ಖರ್ಚುಗಳಲ್ಲಿ ಹೆಚ್ಚು ಹಿಡಿತ ಸಾಧ್ಯವಿಲ್ಲವಾದ್ದರಿಂದ ಅಲಂಕಾರವನ್ನಾದರೂ ಮನೆಮಂದಿಯೇ ಮಾಡುವುದೆಂದು ತೀರ್ಮಾನಿಸಿದ್ದೇವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ತೋರಣಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಆದರೂ ಅವು ಛತ್ರಗಳಲ್ಲಿ ರಾಜಾರೋಷವಾಗಿ ಕಾಣಿಸುತ್ತವೆ.

ನಮ್ಮ ಮಂಟಪದ ಕಂಬಗಳಿಗೆ ಬಾಳೆಕಂದು, ಬಾಗಿಲಿಗೆ ಮಾವಿನೆಲೆ, ಜೊತೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಹೊಂಬಾಳೆ. ಅಡಿಕೆಯ ಹೊಂಬಾಳೆಯನ್ನು ಬಿಚ್ಚದೆ ತಂದು, ಮುಹೂರ್ತದ ಹಿಂದಿನ ಸಂಜೆ ಅದರ ಹೊದಿಕೆಯನ್ನು ಉದ್ದಕ್ಕೆ ಸೀಳಿದರೆ, ಒಳಗಿನಿಂದ ಕೆನೆಬಣ್ಣದ ಎಳೆಗಳು ಗೊಂಚಲಾಗಿ ಜಾರಿ, ಹಸಿ ಪರಿಮಳ ಹರಡುತ್ತದೆ. ಇದರ ಮುಂದೆ ಬಾಡಿಗೆಯ ಬಟ್ಟೆಹೂವು ತೀರಾ ಪೇಲವ.

ಹೂವನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮುನ್ನ ಬಿಡಿಯಾಗಿ, ಕೆ.ಜಿ. ಲೆಕ್ಕದಲ್ಲಿ ಕೊಳ್ಳುವುದು ಮೇಲು. ಮಾರಿನ ಲೆಕ್ಕದಲ್ಲಿ ಕೊಂಡರೆ ಕಟ್ಟುವ ಕೂಲಿಯೂ ಸೇರುತ್ತದೆ. ಚೆಂಡುಹೂವು, ಸೇವಂತಿಗೆಯನ್ನು ಮಕ್ಕಳೂ ಸೂಜಿದಾರದಲ್ಲಿ ಪೋಣಿಸಬಲ್ಲರು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದು ಮಾತ್ರ ಸೋದರತ್ತೆಯವರ ಕೆಲಸ. ಅದಕ್ಕೆ ಬೇರೆಯವರು ಕೈಹಾಕುವಂತಿಲ್ಲ.

ಸ್ವಲ್ಪ ತಮಾಷೆಯೂ ಇರಲೆಂದು, ಊಟದ ಸಾಲುಗಳ ಮೇಲೆ ತೆಂಗಿನ ಗರಿಯಲ್ಲಿ ಹೆಣೆದ ಗಿಳಿ, ಮಿಡತೆಗಳನ್ನು ತೂಗುಹಾಕುವ ಯೋಚನೆಯಿದೆ. ತಾಂಬೂಲವನ್ನು ಬಟ್ಟೆಚೀಲದಲ್ಲಿ, ಮಕ್ಕಳಿರುವವರಿಗೆ ಒಂದು ಚನ್ನಪಟ್ಟಣದ ಬುಗುರಿಯನ್ನೂ ಸೇರಿಸಿ ಕೊಡುತ್ತೇವೆ.