ಲಾಡಿಹುಳುವಿಗೆ ಅಡಿಕೆಯೊಳಗಿನ ಮದ್ದು

ನಾಯಿಯ ಕರುಳಿನ ಲಾಡಿಹುಳುವಿಗೆ ಅಡಿಕೆ ಮದ್ದು ಎಂಬ ಮಾತಿನಲ್ಲಿ ಹುರುಳಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವ ತಾಗಿದರೆ ಲಾಡಿಹುಳುವಿನ ಸ್ನಾಯು ಸೋತು ಕರುಳಿನ ಮೇಲಿನ ಹಿಡಿತ ಸಡಿಲುತ್ತದೆ. ಅದೇ ಹೊತ್ತಿಗೆ ನಾಯಿಯ ಕರುಳು ರಭಸವಾಗಿ ಹಿಂಡಿಕೊಂಡು ಭೇದಿಯಾಗಿ ಹುಳು ಹೊರಬೀಳುತ್ತದೆ. ನ್ಯೂಜಿಲೆಂಡಿನಲ್ಲಿ ನಾಯಿಯ ಲಾಡಿಹುಳುವಿನಿಂದ ಮನುಷ್ಯರಿಗೂ ತಗಲುವ ಹೈಡಾಟಿಡ್ ರೋಗ ಹತ್ತಿಕ್ಕಲು ನಾಯಿಗಳಿಗೆ ಅರೆಕೊಲಿನ್ ಹೈಡ್ರೋಬ್ರೋಮೈಡನ್ನೇ ಕೊಡುತ್ತಿದ್ದರು.

ಹಾಗೆಂದು ಶಿರಸಿ ಕಡೆಯ ಯಾರೂ ಚಾಲಿ (ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಅಡಿಕೆ) ಕುಟ್ಟಿ ನಾಯಿಗೆ ತಿನ್ನಿಸಬೇಡಿ. ಒಂದು ಅಡಿಕೆಯಲ್ಲಿ ಅರೆಕೊಲಿನ್ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಕೆಂಪಡಿಕೆ ಬೇಯಿಸುವಾಗ ಅರೆಕೊಲಿನ್ ಒಂದಿಷ್ಟು ನೀರಿಗಿಳಿದು ಚೊಗರು, ಅಂದರೆ ಬೇಯಿಸಿದ ಕೆಂಪು ರಸ, ಸೇರುತ್ತದೆ. ಚಾಲಿಗೆ ಆ ಬೇಯುವಿಕೆ ಇಲ್ಲ. ಸುಣ್ಣ ತಾಗಿದರೆ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ, ಹಾಗಾಗಿ ಸುಣ್ಣ ಹಚ್ಚಿದ ಎಲೆಅಡಿಕೆಯ ಕವಳವನ್ನೂ ಹುಳದ ಮದ್ದೆಂದು ಎಣಿಸುವಂತಿಲ್ಲ. ಪ್ರಮಾಣ ಕಡಿಮೆಯಾದರೆ ಹುಳುವಿನ ತಲೆ ಕರುಳಲ್ಲೇ ಉಳಿದು ಮತ್ತೆ ಬೆಳೆಯುತ್ತದೆ. ಹೆಚ್ಚಾದರೆ ಜೊಲ್ಲು, ವಾಂತಿ. ಎದೆಬಡಿತ ಇಳಿದು ನಾಯಿ ಕುಸಿಯಬಹುದು. ಆಗ ಬೇಕಾದದ್ದು ಅಟ್ರೊಪಿನ್, ಅದು ಪಶುವೈದ್ಯರ ಕೈಯ ಮದ್ದು. ಬೆಕ್ಕಿಗಂತೂ ಅರೆಕೊಲಿನ್ ಕೊಡಲೇಬಾರದು.

ಗಿಡದಲ್ಲಿ ಮದ್ದಿದ್ದರೂ ಅಳತೆಯಿಲ್ಲದೆ ಗಿಡವನ್ನೇ ಮದ್ದೆನ್ನಲಾಗದು; ಮನುಷ್ಯರ ಮಲೇರಿಯಾಕ್ಕೂ ಇದೇ ಪಾಠ. ಮಲೇರಿಯಾಕ್ಕೆ ಮದ್ದಾಗುವ ಆರ್ಟಿಮೀಸಿಯಾ ಗಿಡದ ಸೊಪ್ಪಿನ ಸತ್ವಕ್ಕೆ ಬಿಸಿ ತಾಗಿದರೆ ಕಸುವು ಹೋಗುತ್ತದೆಂದು ಕಂಡ ಚೀನಾದ ವಿಜ್ಞಾನಿ ತು ಯೂಯೂ, ಆ ಸತ್ವ ತೆಗೆಯಲು ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿದರು. 2015ರ ನೊಬೆಲ್ ಅವರಿಗೆ ಸಂದದ್ದು ಈ ಕೆಲಸಕ್ಕೆ. ಆ ಎಲೆಯ ಕಷಾಯದಲ್ಲಿ ಆರ್ಟಿಮಿಸಿನಿನ್ ಎಂಬ ಆ ಸತ್ವ ಸಾಲುವಷ್ಟು ಇಳಿಯುತ್ತದೆಂಬ ಖಾತ್ರಿಯಿಲ್ಲ, ಅರೆಪ್ರಮಾಣ ಕುಡಿದರೆ ಮದ್ದಿಗೆ ಬಗ್ಗದ ರೋಗಾಣು ಹುಟ್ಟುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಎಲೆ ಕಷಾಯವನ್ನು ಒಪ್ಪದಿರುವುದು ಇದಕ್ಕೇ.

ನಾಯಿಗೆ ಈಗಿನ ಮದ್ದು ಪ್ರಾಜಿಕ್ವಾಂಟೆಲ್, ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಇದು ಗಿಡದ್ದಲ್ಲ, ಆದರೆ ಹುಳುವನ್ನು ತಲೆಸಮೇತ ಕೊಲ್ಲುತ್ತದೆ. ಮೊದಲು ತೂಕ ಸರಿಯಾಗಿ ನೋಡಿ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. 15 ಕಿಲೋ ನಾಯಿಗೆ 75 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂ ಇರುವ ಗುಳಿಗೆ ಒಂದೂವರೆ. ಗುಳಿಗೆಯಲ್ಲಿ ಬೇರೆ ಮದ್ದೂ ಬೆರೆತಿರುತ್ತದೆ, ಮರಿ ಅಥವಾ ಗಬ್ಬದ ನಾಯಿಯಾದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಗುಳಿಗೆ ಹಾಕಿದ ಕೆಲವೇ ವಾರಕ್ಕೆ ನಾಯಿಯ ಬಾಲದಡಿ ಸೌತೆಬೀಜದಂಥ ತುಣುಕು ಮತ್ತೆ ಕಂಡರೆ ಮದ್ದನ್ನು ಬೈಯುವ ಮುಂಚೆ ಚಿಗಟ ಹುಡುಕಿ. ಆ ಜಾತಿಯ ಲಾಡಿಹುಳುವಿನ ಮರಿ ಚಿಗಟದ ಹೊಟ್ಟೆಯಲ್ಲಿರುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನೇ ನುಂಗುತ್ತದೆ. ಮಲಗುವ ಗೋಣಿಯನ್ನು ಬಿಸಿನೀರಲ್ಲಿ ಒಗೆದು ಒಣಗಿಸಿ, ಚಿಗಟದ ಮದ್ದನ್ನೂ ಗುಳಿಗೆಯ ಜೊತೆಗೇ ಹಾಕಿ.